ಸ್ವವಿವರ

ಸ್ವವಿವರವು ಉದ್ಯೋಗವನ್ನು ಅರಸುವ ವ್ಯಕ್ತಿಯು ತನ್ನ ವಿದ್ಯಾಭ್ಯಾಸ, ಅನುಭವ ಹಾಗೂ ಕೌಶಲಗಳನ್ನು ಸಂಕ್ಷೇಪವಾಗಿ ಬರೆದು ಉದ್ಯೋಗದಾತರಿಗೆ ಸಲ್ಲಿಸುವ ದಾಖಲೆಯಾಗಿದೆ. ರೆಸ್ಯೂಮೆ, ಸಿ.ವಿ. ಹಾಗೂ ಬಯೋಡೇಟಾ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಇದರ ನೇರ ಉದ್ದೇಶ ಸಂದರ್ಶನದ ಕರೆಯನ್ನು ಪಡೆಯುವುದು. ಸ್ವವಿವರದಲ್ಲಿ ಬರೆದ ಯಾವುದೇ ಅಂಶವು ಸಂದರ್ಶನದಲ್ಲಿ ಪ್ರಶ್ನೆಯಾಗಿ ಬರಬಹುದಾದುದರಿಂದ, ಆಧಾರಸಹಿತವಾಗಿ ವಿವರಿಸಲು ಸಾಧ್ಯವಾದುದನ್ನು ಮಾತ್ರ ಬರೆಯುವುದು ಇದರ ಮೂಲ ನಿಯಮ.

ಪದಮೂಲ ಮತ್ತು ಇತಿಹಾಸ

ರೆಸ್ಯೂಮೆ ಎಂಬುದು 'ಸಾರಾಂಶ' ಎಂಬ ಅರ್ಥದ ಫ್ರೆಂಚ್ ಪದ. ಸಿ.ವಿ. ಎಂಬುದು 'ಜೀವನದ ಹಾದಿ' ಎಂಬ ಅರ್ಥ ಕೊಡುವ ಲ್ಯಾಟಿನ್ ಭಾಷೆಯ ಕರಿಕ್ಯುಲಮ್ ವಿಟೇ ಎಂಬುದರ ಹ್ರಸ್ವರೂಪ. ಭಾರತದಲ್ಲಿ ಈ ಎರಡನ್ನೂ ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಬಳಸುತ್ತಾರೆ.

ಸ್ವವಿವರದ ಆರಂಭಿಕ ಉದಾಹರಣೆಯಾಗಿ ಲಿಯೊನಾರ್ಡೊ ಡ ವಿಂಚಿಯು ಸುಮಾರು 1482ರಲ್ಲಿ ಮಿಲಾನಿನ ಆಡಳಿತಗಾರ ಲುಡೋವಿಕೊ ಸ್ಫೋರ್ಜಾನಿಗೆ ಬರೆದ ಪತ್ರವನ್ನು ಹೆಸರಿಸುವುದುಂಟು. ಅದರಲ್ಲಿ ಆತನು ಸೇತುವೆ, ಫಿರಂಗಿ ಮೊದಲಾದ ಯುದ್ಧೋಪಯೋಗಿ ನಿರ್ಮಾಣಗಳಲ್ಲಿ ತನಗಿರುವ ಪರಿಣತಿಯನ್ನು ಮೊದಲು ಪಟ್ಟಿಮಾಡಿ, ಚಿತ್ರಕಲೆಯನ್ನು ಕೊನೆಯಲ್ಲಿ ಉಲ್ಲೇಖಿಸಿದ್ದಾನೆ. ಸಂಶಯವಿದ್ದರೆ ಪ್ರಯೋಗ ಮಾಡಿ ತೋರಿಸಲು ಸಿದ್ಧನೆಂದೂ ಬರೆದಿದ್ದಾನೆ.

ರಚನೆ

ಹೊಸದಾಗಿ ಪದವಿ ಪಡೆದವರಿಗೆ ಒಂದು ಪುಟ, ಅನುಭವವುಳ್ಳವರಿಗೆ ಎರಡು ಪುಟಗಳ ಸ್ವವಿವರ ಸಾಮಾನ್ಯವಾಗಿ ಸಾಕಾಗುತ್ತದೆ. ಅದರಲ್ಲಿ ಈ ಕೆಳಗಿನ ಭಾಗಗಳಿರುತ್ತವೆ:

- ಹೆಸರು, ದೂರವಾಣಿ ಸಂಖ್ಯೆ, ಇ-ಮೇಲ್ ಮತ್ತು ವಾಸದ ಊರು
- ಇತ್ತೀಚಿನದರಿಂದ ಆರಂಭಿಸಿ ಹಿಂದಕ್ಕೆ ಸಾಗುವ ಕ್ರಮದಲ್ಲಿ ಕೆಲಸದ ಅನುಭವ
- ವಿದ್ಯಾರ್ಹತೆ ಮತ್ತು ತೇರ್ಗಡೆಯಾದ ವರ್ಷ
- ಹುದ್ದೆಗೆ ಸಂಬಂಧಿಸಿದ ಕೌಶಲಗಳು ಮತ್ತು ತಿಳಿದಿರುವ ಭಾಷೆಗಳು

ವಿಶೇಷಣಗಳಿಗಿಂತ ಮಾಡಿದ ಕೆಲಸದ ವಿವರಣೆಗೆ ಹೆಚ್ಚಿನ ಬೆಲೆಯಿದೆ. ಉದಾಹರಣೆಗೆ, 'ಲೆಕ್ಕಪತ್ರದಲ್ಲಿ ನಿಪುಣ' ಎಂದು ಬರೆಯುವುದಕ್ಕಿಂತ 'ಸಗಟು ಅಂಗಡಿಯೊಂದರಲ್ಲಿ ಎರಡು ವರ್ಷ ದಿನವಹಿ ಲೆಕ್ಕ ಹಾಗೂ ಮಾಸಿಕ ಜಿ.ಎಸ್.ಟಿ. ವಿವರಗಳನ್ನು ಟ್ಯಾಲಿಯಲ್ಲಿ ಸಿದ್ಧಪಡಿಸಿದ ಅನುಭವ' ಎಂದು ಬರೆಯುವುದು ಉಪಯುಕ್ತ. ಮದುವೆಯ ಬಯೋಡೇಟಾದಲ್ಲಿ ಕಂಡುಬರುವ ಜಾತಿ, ಧರ್ಮ, ಎತ್ತರ ಮೊದಲಾದ ವಿವರಗಳು ಖಾಸಗಿ ಉದ್ಯೋಗದ ಸ್ವವಿವರಕ್ಕೆ ಅನಗತ್ಯ. ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿಯ ವಿವರಗಳನ್ನು ನಿಗದಿತ ಅರ್ಜಿ ನಮೂನೆಯಲ್ಲಿಯೇ ಕೇಳಲಾಗುತ್ತದೆ.

ಕರ್ನಾಟಕದಲ್ಲಿ ಅನೇಕರು ಉಪನಾಮದ ಬದಲು ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಬಳಸುತ್ತಾರೆ. ಇದರಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್ ಮತ್ತು ಪ್ಯಾನ್ ಕಾರ್ಡ್‌ಗಳಲ್ಲಿ ಹೆಸರು ಬೇರೆ ಬೇರೆಯಾಗಿದ್ದು, ದಾಖಲೆ ಪರಿಶೀಲನೆಯಲ್ಲಿ ತೊಡಕಾಗುವುದುಂಟು. ಅಂಕಪಟ್ಟಿಯಲ್ಲಿರುವ ರೂಪವನ್ನೇ ಸ್ವವಿವರದಲ್ಲಿಯೂ ಬಳಸಿ, ಉಳಿದ ದಾಖಲೆಗಳನ್ನು ಮೊದಲೇ ಸರಿಪಡಿಸಿಕೊಳ್ಳುವುದು ಸೂಕ್ತ. ಕನ್ನಡದಲ್ಲಿ ಸಿದ್ಧಪಡಿಸಿದ ಸ್ವವಿವರವನ್ನು ಯುನಿಕೋಡ್‌ನಲ್ಲಿ ಬರೆದು ಪಿ.ಡಿ.ಎಫ್. ರೂಪದಲ್ಲಿ ಕಳುಹಿಸಿದರೆ ಬೇರೆ ಗಣಕಯಂತ್ರಗಳಲ್ಲಿ ಅಕ್ಷರಗಳು ಕೆಡುವುದಿಲ್ಲ.

ಮನವಿ ಪತ್ರ

ಸ್ವವಿವರದೊಂದಿಗೆ ಲಗತ್ತಿಸುವ ಪತ್ರವನ್ನು ಮನವಿ ಪತ್ರ ಅಥವಾ ಕವರಿಂಗ್ ಲೆಟರ್ ಎನ್ನುತ್ತಾರೆ. ಯಾವ ಹುದ್ದೆಗಾಗಿ ಅರ್ಜಿ, ಪ್ರಕಟಣೆಯನ್ನು ಎಲ್ಲಿ ನೋಡಲಾಯಿತು, ಹುದ್ದೆಯ ಮುಖ್ಯ ಅಗತ್ಯಕ್ಕೆ ಅಭ್ಯರ್ಥಿಯ ಯಾವ ಅನುಭವ ಹೊಂದುತ್ತದೆ ಎಂಬ ಮೂರು ವಿಷಯಗಳನ್ನು ಇದು ತಿಳಿಸಬೇಕು. ಒಂದೇ ಪತ್ರವನ್ನು ಎಲ್ಲ ಸಂಸ್ಥೆಗಳಿಗೂ ಕಳುಹಿಸಿದರೆ ಈ ಮೂರನೆಯ ಅಂಶವೇ ತಪ್ಪಿಹೋಗುತ್ತದೆ.

ಸಂದರ್ಶನ

ಸಂದರ್ಶನದ ಉತ್ತರಗಳನ್ನು ಸನ್ನಿವೇಶ, ಹೊಣೆ, ಕೈಗೊಂಡ ಕ್ರಮ, ಫಲಿತಾಂಶ ಎಂಬ ನಾಲ್ಕು ಹಂತಗಳಲ್ಲಿ ಹೇಳುವ ವಿಧಾನ ಪ್ರಚಲಿತವಾಗಿದೆ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆಂದು ನೇರವಾಗಿ ಹೇಳುವುದು ಊಹೆಯ ಉತ್ತರಕ್ಕಿಂತ ಮೇಲು. ವ್ಯಾಸಂಗ ಅಥವಾ ಉದ್ಯೋಗದ ನಡುವೆ ಬಿಡುವು ಇದ್ದಲ್ಲಿ ಅದನ್ನು ಮರೆಮಾಚದೆ, ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸುವುದು ಒಳ್ಳೆಯದು.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಖಿತ ಮುಖ್ಯ ಪರೀಕ್ಷೆಗೆ 1750 ಹಾಗೂ ಸಂದರ್ಶನಕ್ಕೆ 275 ಅಂಕಗಳಿವೆ. ಅಭ್ಯರ್ಥಿಯು ಅರ್ಜಿಯಲ್ಲಿ ನಮೂದಿಸಿದ ಊರು, ಪದವಿ, ಹವ್ಯಾಸಗಳ ಬಗ್ಗೆ ಮಂಡಳಿಯು ಪ್ರಶ್ನಿಸುವುದು ಸಾಮಾನ್ಯ. ಮುಖ್ಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಕೇಂದ್ರ ಸರ್ಕಾರವು 'ಸಿ' ಗುಂಪಿನ ಹಾಗೂ ಪತ್ರಾಂಕಿತವಲ್ಲದ 'ಬಿ' ಗುಂಪಿನ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಟ್ಟಿದೆ.

ಪಕ್ಷಪಾತದ ಪ್ರಶ್ನೆ

ಸ್ವವಿವರ ಉತ್ತಮವಾಗಿದ್ದರೂ ಕರೆ ಬಾರದಿರುವುದಕ್ಕೆ ಅಭ್ಯರ್ಥಿಯ ಕೊರತೆಯೊಂದೇ ಕಾರಣವಲ್ಲವೆಂದು ಅಧ್ಯಯನಗಳು ತೋರಿಸಿವೆ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅವರು ಬಾಸ್ಟನ್ ಮತ್ತು ಷಿಕಾಗೊ ನಗರಗಳಲ್ಲಿ ಸುಮಾರು 5000 ಕಾಲ್ಪನಿಕ ಸ್ವವಿವರಗಳನ್ನು ಕಳುಹಿಸಿ ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಳಿಯರದೆಂದು ತೋರುವ ಹೆಸರುಗಳಿಗೆ ಶೇಕಡಾ 50ರಷ್ಟು ಹೆಚ್ಚು ಕರೆಗಳು ಬಂದವು. ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ 2007ರ ಅಧ್ಯಯನವು, ಸಮಾನ ಅರ್ಹತೆಯಿದ್ದರೂ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಖಾಸಗಿ ಸಂಸ್ಥೆಗಳಿಂದ ಕರೆ ಬರುವ ಸಾಧ್ಯತೆ ಕಡಿಮೆಯೆಂದು ಕಂಡುಕೊಂಡಿತು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಕೇಳಿ ನಿಗದಿತ ಮಾನದಂಡದಂತೆ ಅಂಕ ನೀಡುವ ಕ್ರಮಬದ್ಧ ಸಂದರ್ಶನವು ಇಂತಹ ಪಕ್ಷಪಾತವನ್ನು ತಗ್ಗಿಸುವ ಉಪಾಯಗಳಲ್ಲಿ ಒಂದು.

ವಂಚನೆಯ ಅಪಾಯ

ಸಂದರ್ಶನಕ್ಕೂ ನೇಮಕಾತಿ ಆದೇಶಕ್ಕೂ 'ಠೇವಣಿ' ಅಥವಾ 'ತರಬೇತಿ ಶುಲ್ಕ' ಕೇಳುವುದು ಉದ್ಯೋಗ ವಂಚನೆಯ ಸಾಮಾನ್ಯ ಲಕ್ಷಣ. ಸ್ವವಿವರದಲ್ಲಿ ಆಧಾರ್, ಪ್ಯಾನ್ ಅಥವಾ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬರೆಯಬಾರದು. ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾಗಿರಬೇಕು. ಆನ್‌ಲೈನ್ ಮೂಲಕ ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ತಡಮಾಡದೆ ದೂರು ನೀಡಬಹುದು.