ಗಂಟೆ ಎಣಿಸಿದರೆ ಸಾಲದು: ರಾಯದುರ್ಗ, ಮಡಕಶಿರದ ಪದವಿ ವಿದ್ಯಾರ್ಥಿಗಳ ಅಂತರ್ಜಾಲ ಬಳಕೆ

ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಎರಡೂ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಓದಿದವರಿಗೆ ಪದವಿಯಲ್ಲಿ ಕನ್ನಡ ಕೈತಪ್ಪುತ್ತದೆ. 2021–22ರಿಂದ ಆಂಧ್ರ ಸರ್ಕಾರ ಪದವಿ ಕಾಲೇಜುಗಳಿಗೆ ಇಂಗ್ಲಿಷ್ ಮಾಧ್ಯಮವನ್ನೇ ಗೊತ್ತುಪಡಿಸಿತು. ಈ ವಿದ್ಯಾರ್ಥಿಗಳ ಅಂತರ್ಜಾಲ ಬಳಕೆಯನ್ನು ಅಳೆಯುವವರು ಈ ಹಿನ್ನೆಲೆಯನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಕಿಂಬರ್ಲಿ ಯಂಗ್ 1998ರಲ್ಲಿ ರೂಪಿಸಿದ ಅಂತರ್ಜಾಲ ವ್ಯಸನ ಪರೀಕ್ಷೆಯಲ್ಲಿ 20 ಪ್ರಶ್ನೆಗಳಿವೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಆನ್‌ಲೈನ್‌ನಲ್ಲಿ ಉಳಿಯುತ್ತೀರಾ, ನಿದ್ದೆ ಕೆಡುತ್ತದೆಯೇ, ಓದಿಗೆ ಪೆಟ್ಟು ಬೀಳುತ್ತದೆಯೇ ಎಂದು ಅದು ಕೇಳುತ್ತದೆ. ಬಿ.ಕಾಂ. ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ ಸವಕಳಿಯ ಲೆಕ್ಕವನ್ನು ರಾತ್ರಿ ಯೂಟ್ಯೂಬಿನ ಕನ್ನಡ ಪಾಠದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ, ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ. ಪಾಠ ಮುಗಿದ ಮೇಲೆ ರೀಲ್ಸ್ ಶುರುವಾಗುತ್ತದೆ. ಪರೀಕ್ಷೆಯ ಮೊದಲ ಪ್ರಶ್ನೆಗೆ ಈ ಎರಡೂ ಹೊತ್ತು ಒಂದೇ.

ಹೊರಗಿನ ಸಾಕ್ಷ್ಯವೂ ಒಂದೇ ದಿಕ್ಕಿನದಲ್ಲ. ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಸುಮಾರು 3.5 ಲಕ್ಷ ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿ, ಅವರ ಕ್ಷೇಮದ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ 0.4% ಎಂದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಮೇಲೆ ನಡೆದ 2018ರ ಪ್ರಯೋಗದಲ್ಲಾದರೋ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿಕೊಂಡವರಲ್ಲಿ ಮೂರು ವಾರಗಳಲ್ಲಿ ಒಂಟಿತನ ತಗ್ಗಿತು. ಒಂದು ಒಟ್ಟು ಬಳಕೆಯನ್ನು ನೋಡಿತು, ಇನ್ನೊಂದು ನಿರ್ದಿಷ್ಟ ಬಳಕೆಯನ್ನು ಕಡಿಮೆ ಮಾಡಿ ನೋಡಿತು. ಬಳಕೆ ಮಿತಿಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ 'ಶಟ್' ಚಿಕಿತ್ಸಾಲಯ ತೆರೆದಿದೆ, ಸಮಸ್ಯೆ ಕಲ್ಪಿತವಲ್ಲ.

ಫೋನು ಯಾರದು ಎಂಬುದೂ ಮುಖ್ಯ. ಗ್ರಾಮೀಣ ಭಾರತದ 14–18 ವಯಸ್ಸಿನವರನ್ನು ಕುರಿತ 2023ರ ಅಸರ್ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ 43.7% ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ 19.8% ಮಂದಿಗೆ ಮಾತ್ರ. ಮನೆಯವರೆಲ್ಲ ಮಲಗಿದ ಮೇಲಷ್ಟೇ ಫೋನು ಕೈಗೆ ಸಿಗುವವಳ ನಿದ್ದೆಗೇಡಿಗೆ ವ್ಯಸನವೇ ಕಾರಣವೆನ್ನಲಾಗದು.

ಹಾಗಾಗಿ ಈ ಎರಡು ಊರುಗಳಲ್ಲಿ ಸಮೀಕ್ಷೆ ಮಾಡುವವರು ಒಂದು ವಾರದ ದಿನಚರಿ ಬರೆಸುವುದು ಒಳ್ಳೆಯದು: ಯಾವ ಕೆಲಸಕ್ಕೆ, ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿನಲ್ಲಿ, ಯಾರ ಫೋನಿನಲ್ಲಿ. ಒಂದೇ ಸಲದ ಸಮೀಕ್ಷೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ತೀರ್ಮಾನಿಸಲೂಬಾರದು. ಪಾಠ ಅರ್ಥವಾಗದೆ ಬೇಸತ್ತವರೂ ಫೋನಿನತ್ತ ಹೊರಳುತ್ತಾರೆ. ಕಾಲೇಜುಗಳು ಕಷ್ಟದ ಪಾಠಗಳಿಗೆ ಹಗಲಿನಲ್ಲೇ ಕನ್ನಡ ವಿವರಣೆ ಒದಗಿಸಿ, ಆಮೇಲೂ ಉಳಿಯುವ ರಾತ್ರಿ ಬಳಕೆಯನ್ನು ಅಳೆದರೆ ಓದಿನ ಅಗತ್ಯ ಎಷ್ಟು, ಚಟ ಎಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಾದೀತು.