ಬಯಲಿದ್ದೂ ಬೆಳೆಯದ ಊರು

ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಸುಮಾರು 200 ಮೈಲಿ ಹೋದರೆ ಲೋನ್ ಪೈನ್ ಅಂತ ಒಂದು ಪುಟ್ಟ ಊರು ಸಿಗುತ್ತದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಹೈವೇ 395 ಊರಿನ ಮಧ್ಯೆ ಹಾದುಹೋಗುತ್ತದೆ, ಅದೇ ಪೇಟೆ ಬೀದಿ. ಪಶ್ಚಿಮಕ್ಕೆ ಗೋಡೆಯ ಹಾಗೆ ನಿಂತ ಸಿಯೆರಾ ನೆವಾಡ, ಅದರಲ್ಲಿ 14,505 ಅಡಿಯ ಮೌಂಟ್ ವಿಟ್ನಿ. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಪೂರ್ವಕ್ಕೆ ಇನ್ನೊಂದು ಬೆಟ್ಟಸಾಲು, ನಡುವೆ ಓವೆನ್ಸ್ ಕಣಿವೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಲ್ಲಿ ಬಹಳ ಮಂದಿ ಡೆತ್ ವ್ಯಾಲಿಗೆ ಹೋಗುವಾಗ ಇಲ್ಲಿ ಪೆಟ್ರೋಲ್ ಹಾಕಿಸಿಕೊಂಡಿರುತ್ತಾರೆ. ನಾನೂ ಎರಡು ಸಲ ಹಾಗೇ ದಾಟಿ ಹೋಗಿದ್ದವನು. ಮೂರನೇ ಸಲ ಎರಡು ದಿನ ಉಳಿದೆ. ಆಗ ತಲೆಗೆ ಹೊಕ್ಕ ಪ್ರಶ್ನೆ ಇದು: ಕಣ್ಣು ಹಾಯಿಸಿದಷ್ಟೂ ಬಯಲು, ಪಕ್ಕದಲ್ಲೇ ಇಂಥಾ ಬೆಟ್ಟ, ಆದರೂ ಹೊಸ ಮನೆಗಳೇಕೆ ಇಲ್ಲ? ಬೇರೆ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ರೆಸಾರ್ಟುಗಳ ಸಾಲೇ ಎದ್ದಿರುತ್ತಿತ್ತಲ್ಲ!

ಉತ್ತರ ಸುಲಭ. ನೆಲ ಊರಿನವರದ್ದಲ್ಲ. ಈ ಊರಿರುವ ಇನ್ಯೋ ಕೌಂಟಿಯ ವಿಸ್ತಾರ 10,000 ಚದರ ಮೈಲಿಗೂ ಹೆಚ್ಚು. ಅದರಲ್ಲಿ ಖಾಸಗಿ ನೆಲ ಶೇಕಡಾ 2ಕ್ಕಿಂತ ಕಡಿಮೆ. ಬಹುಪಾಲು ಕೇಂದ್ರ ಸರ್ಕಾರದ್ದು. ಕಣಿವೆಯ ತಳದ ಒಳ್ಳೆಯ ನೆಲ, ಅಂದರೆ ನೀರಿನ ಹಕ್ಕಿದ್ದ ನೆಲವೆಲ್ಲ, ಲಾಸ್ ಏಂಜಲೀಸ್ ನಗರದ್ದು.

ಇದು ಹೇಗಾಯಿತು ಅನ್ನುವ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಬಡ ರೈತರು, ಮೋಸಗಾರ ಮಹಾನಗರ. 1974ರ 'ಚೈನಾಟೌನ್' ಸಿನಿಮಾಕ್ಕೂ ಇದೇ ಪ್ರೇರಣೆ. ಸುಳ್ಳೇನಲ್ಲ. ಆದರೆ ಇದು ಕತೆಯನ್ನು ನಡುವಿನಿಂದ ಶುರುಮಾಡುವುದು ಅಂತ ನನಗನ್ನಿಸುತ್ತದೆ.

ಶುರುವಿನಿಂದ ಹೇಳುವುದಾದರೆ ಪಾಯೂಟ್ ಜನರಿಂದ ಹೇಳಬೇಕು. ಅವರ ಭಾಷೆಯಲ್ಲಿ ಈ ಕಣಿವೆಗೆ ಪಯಾಹೂನಾಡು ಅಂತ ಹೆಸರು, ಹಾಗಂದರೆ ನೀರು ಹರಿಯುವ ಜಾಗ. (ಕೊನೆಯ 'ನಾಡು' ನೋಡಿ ನೆಂಟಸ್ತಿಕೆ ಹುಡುಕಬೇಡಿ, ಬರೀ ಕಾಕತಾಳೀಯ :) ) ಬಿಳಿಯರು ಬರುವ ಮುಂಚೆಯೇ ಇವರು ಬೆಟ್ಟದ ಹೊಳೆಗಳಿಗೆ ಒಡ್ಡು ಕಟ್ಟಿ, ಕಾಲುವೆ ತೋಡಿ, ಕಾಡು ಗೆಡ್ಡೆಗಳಿಗೆ ನೀರುಣಿಸುತ್ತಿದ್ದರು. ಅದರಲ್ಲೊಂದು ನಮ್ಮ ಕೊನ್ನಾರಿ ಗೆಡ್ಡೆಯ ಜಾತಿಯದೇ. ಕಣಿವೆಯ ಉತ್ತರದ ಬಿಷಪ್ ಹೊಳೆಯ ಹತ್ತಿರ ಒಂದು ವರ್ಷ ಈ ದಂಡೆಗೆ, ಮರುವರ್ಷ ಆ ದಂಡೆಗೆ ನೀರು. ನೀರು ಬಿಡುವುದಕ್ಕೆ ಜನರೇ ಸೇರಿ ಒಬ್ಬನನ್ನು ಆರಿಸುತ್ತಿದ್ದರು. ನಮ್ಮ ಕಡೆ ನೀರುಗಂಟಿ ಇರುತ್ತಾನಲ್ಲ, ಹೆಚ್ಚುಕಮ್ಮಿ ಹಾಗೆ.

1861ರಲ್ಲಿ ದನ ಸಾಕುವವರು ಬಂದರು. ದನಗಳು ಮೇದದ್ದು ಇವರು ತಿನ್ನುತ್ತಿದ್ದ ಗಿಡ, ಬೀಜಗಳನ್ನೇ. ಚಳಿಗಾಲ ಕಠಿಣವಾಗಿತ್ತು, ಹಸಿದವರು ದನ ಕಡಿದು ತಿಂದರು. ಅಲ್ಲಿಂದ ಯುದ್ಧ. 1862ರ ಜುಲೈ 4ರಂದು ಸೈನ್ಯ ಕಣಿವೆಯಲ್ಲಿ ಠಾಣೆ ಹಾಕಿತು. ಸ್ವಾತಂತ್ರ್ಯ ದಿನವಾದ್ದರಿಂದ ಅದಕ್ಕೆ ಕ್ಯಾಂಪ್ ಇಂಡಿಪೆಂಡೆನ್ಸ್ ಅಂತ ಹೆಸರು! ಲೋನ್ ಪೈನ್‌ನ ಉತ್ತರಕ್ಕಿರುವ ಈಗಿನ ಕೌಂಟಿ ಕೇಂದ್ರಕ್ಕೆ ಇಂಡಿಪೆಂಡೆನ್ಸ್ ಅನ್ನುವ ಹೆಸರು ಬಂದದ್ದು ಅದರಿಂದಲೇ. ಮರುವರ್ಷ ಜುಲೈ ಬಿಸಿಲಲ್ಲಿ ಸುಮಾರು ಒಂಬೈನೂರು ಪಾಯೂಟರನ್ನು ದಕ್ಷಿಣದ ಫೋರ್ಟ್ ಟೆಹೋನ್‌ವರೆಗೆ ಸುಮಾರು 200 ಮೈಲಿ ನಡೆಸಿಕೊಂಡು ಹೋದರು. ಹಲವರು ದಾರಿಯಲ್ಲೇ ಸತ್ತರು. ಕೆಲವರು ವರ್ಷಗಳ ಮೇಲೆ ತಿರುಗಿ ಬಂದರು, ಬಂದು ತಮ್ಮದೇ ನೆಲದಲ್ಲಿ ಕೂಲಿಗೆ ನಿಂತರು. ಅವರ ಹಳೇ ಕಾಲುವೆಗಳಲ್ಲೇ ಹೊಸಬರ ನೀರು ಹರಿಯಿತು.

ನಡುವೆ 1872ರ ಮಾರ್ಚ್ 26ರ ರಾತ್ರಿ ಭೂಕಂಪವೂ ಆಯಿತು. ಊರಿನ 59 ಮಣ್ಣಿಟ್ಟಿಗೆ ಮನೆಗಳಲ್ಲಿ 52 ಬಿದ್ದು 27 ಜನ ಸತ್ತರು. ಊರ ಪಶ್ಚಿಮಕ್ಕೆ ನೆಲ ಸೀಳಿ ಎದ್ದ ದಿಬ್ಬ ಈಗಲೂ ಕಾಣುತ್ತದೆ.

ಇನ್ನು ಎಲ್ಲರೂ ಹೇಳುವ ಕತೆ. 1904-05ರಲ್ಲಿ ಲಾಸ್ ಏಂಜಲೀಸಿನ ಮಾಜಿ ಮೇಯರ್ ಫ್ರೆಡ್ ಈಟನ್ ಕಣಿವೆಯಲ್ಲಿ ಜಮೀನು ಕೊಳ್ಳತೊಡಗಿದ. ಆಗ ಕೇಂದ್ರ ಸರ್ಕಾರ ಅಲ್ಲೇ ಒಂದು ನೀರಾವರಿ ಯೋಜನೆಗೆ ಸರ್ವೆ ಮಾಡಿಸುತ್ತಿತ್ತು. ಅದರ ಅಧಿಕಾರಿ ಲಿಪಿನ್‌ಕಾಟ್, ಈಟನ್‌ನ ಗೆಳೆಯ. ಸರ್ಕಾರಿ ಸಂಬಳ ತಿನ್ನುತ್ತಲೇ ಲಾಸ್ ಏಂಜಲೀಸ್ ನಗರದಿಂದಲೂ ಸಲಹೆಗಾರನಾಗಿ ಹಣ ಪಡೆದವನು. ಇವರಿಬ್ಬರ ಒಡನಾಟ ನೋಡಿದ ರೈತರು ಯೋಜನೆಗೇ ಭೂಮಿ ಹೋಗುತ್ತಿದೆ ಅಂದುಕೊಂಡು ಮಾರಿದರು. 1905ರ ಜುಲೈ ಕೊನೆಯಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದಾಗಲೇ ಗೊತ್ತಾದದ್ದು, ನೀರು ಹೋಗುವುದು ಹೊಲಕ್ಕಲ್ಲ, ನಗರಕ್ಕೆ. 1907ರಲ್ಲಿ ನಗರದ ಮತದಾರರು 2.3 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಎಂಜಿನಿಯರ್ ವಿಲಿಯಂ ಮುಲ್‌ಹಾಲೆಂಡ್ 233 ಮೈಲಿ ಕಾಲುವೆಯನ್ನು 1913ರಲ್ಲಿ ಮುಗಿಸಿದ. ಎಲ್ಲೂ ಒಂದು ಪಂಪ್ ಇಲ್ಲ, ಪೂರಾ ಇಳಿಜಾರಿನಲ್ಲೇ ನೀರು ಓಡುತ್ತದೆ. ಏನೇ ಸಿಟ್ಟಿದ್ದರೂ ಆ ಕೆಲಸಕ್ಕೆ ತಲೆದೂಗದೆ ಇರಲಾಗುವುದಿಲ್ಲ.

1920ರ ದಶಕದ ಬರಗಾಲದಲ್ಲಿ ನಗರ ಇನ್ನಷ್ಟು ಜಮೀನಿಗೆ ಕೈಹಾಕಿತು. 1924ರ ಮೇನಲ್ಲಿ ಕಾಲುವೆಗೆ ಡೈನಮೈಟ್ ಬಿತ್ತು. ನವೆಂಬರ್ 16ರಂದು ಕಣಿವೆಯವರು ಲೋನ್ ಪೈನ್‌ನಿಂದ ಉತ್ತರಕ್ಕೆ ಕೆಲವೇ ಮೈಲಿ ದೂರದ ಅಲಬಾಮಾ ಗೇಟ್ಸ್ ವಶಮಾಡಿಕೊಂಡು ತೂಬು ತೆರೆದುಬಿಟ್ಟರು. ಮಹಾನಗರದ ನೀರು ಹಳೇ ನದಿಪಾತ್ರಕ್ಕೆ! ಸುಮಾರು ನಾಲ್ಕು ದಿನ ಅಲ್ಲಿ ಜಾತ್ರೆಯೋ ಜಾತ್ರೆ. ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದರು. ಹತ್ತಿರದಲ್ಲೇ ಶೂಟಿಂಗಿನಲ್ಲಿದ್ದ ಕೌಬಾಯ್ ನಟ ಟಾಮ್ ಮಿಕ್ಸ್ ತನ್ನ ವಾದ್ಯದವರನ್ನೂ ಕಳಿಸಿದನಂತೆ. (ಪಕ್ಕದ ಅಲಬಾಮಾ ಹಿಲ್ಸ್ ಬಂಡೆಗಳಲ್ಲಿ 1920ರಿಂದಲೂ ಸಿನಿಮಾ ತೆಗೆಯುತ್ತಾರೆ. 1939ರ 'ಗಂಗಾ ದಿನ್'ನಲ್ಲಿ ಇದೇ ಬಂಡೆಗಳು ನಮ್ಮ ವಾಯವ್ಯ ಗಡಿಯಾಗಿ ನಟಿಸಿವೆ!)

ಈ ಹೋರಾಟಕ್ಕೆ ಬೆನ್ನೆಲುಬಾಗಿದ್ದವರು ಸ್ಥಳೀಯ ಬ್ಯಾಂಕಿನ ವಾಟರ್‌ಸನ್ ಸೋದರರು. 1927ರ ಆಗಸ್ಟಿನಲ್ಲಿ ಅವರ ಬ್ಯಾಂಕಿನ ಐದೂ ಶಾಖೆಗಳು ಬಾಗಿಲು ಹಾಕಿದವು. ಹಣ ದುರುಪಯೋಗದ ಅಪರಾಧಕ್ಕೆ ಇಬ್ಬರೂ ಜೈಲು ಸೇರಿದರು. ಜನರ ಉಳಿತಾಯವೂ ಹೋಯಿತು, ಹೋರಾಟವೂ ನಿಂತಿತು. 1933ರ ಹೊತ್ತಿಗೆ ಕಣಿವೆಯ ಶೇಕಡಾ 95ರಷ್ಟು ಕೃಷಿ ಭೂಮಿ, ಶೇಕಡಾ 85ರಷ್ಟು ಊರೊಳಗಿನ ಆಸ್ತಿ ನಗರದ ಕೈಯಲ್ಲಿತ್ತು. ಹಾಗೆ ಕೊಂಡು ಖಾಲಿಮಾಡಿಸಿದ ಊರುಗಳಲ್ಲಿ ಮಂಜ಼ನಾರ್ ಒಂದು. ಸ್ಪ್ಯಾನಿಷ್‌ನಲ್ಲಿ ಹಾಗಂದರೆ ಸೇಬಿನ ತೋಟ.

ಆ ತೋಟದ ಜಾಗವೇ 1942ರಲ್ಲಿ ಮುಳ್ಳುತಂತಿಯ ಬಂಧನ ಶಿಬಿರವಾಯಿತು. ಜಪಾನ್ ಜೊತೆ ಯುದ್ಧ ಶುರುವಾಗಿತ್ತಲ್ಲ, ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ತಂದರು. ಮೂರರಲ್ಲಿ ಎರಡು ಪಾಲು ಜನ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. 1945ರ ನವೆಂಬರ್‌ವರೆಗೆ ಒಟ್ಟು 11 ಸಾವಿರಕ್ಕೂ ಹೆಚ್ಚು ಮಂದಿ ಇಲ್ಲಿದ್ದರು, ಒಂದೇ ಹೊತ್ತಿಗೆ ಹತ್ತು ಸಾವಿರ. ಅವರಲ್ಲಿ ಬಹುತೇಕರು ಬಂದದ್ದು ಲಾಸ್ ಏಂಜಲೀಸ್ ಕಡೆಯಿಂದಲೇ. ತಮ್ಮ ಕಾಲುವೆ ನೀರು ಕೆಡುತ್ತದೆ ಅಂತ ನಗರ ಶಿಬಿರಕ್ಕೆ ತಕರಾರು ತೆಗೆದಿತ್ತು. ಬಂದವರಾದರೋ ಹತ್ತು ಹದಿಮೂರು ವರ್ಷ ಪಾಳುಬಿದ್ದಿದ್ದ ಸೇಬು, ಪೇರ್ ಮರಗಳಿಗೆ ಕಾಯಿ ಬರಿಸಿದರು, ತರಕಾರಿ ಬೆಳೆದರು, ಕಲ್ಲು ಜೋಡಿಸಿ ಕೊಳ ಕಟ್ಟಿದರು. ಧೂಳಿನಲ್ಲಿ ಹೂತುಹೋಗಿದ್ದ ಆ ಕೊಳಗಳನ್ನು ಈಗ ಅಗೆದು ತೆರೆದಿದ್ದಾರೆ. ನಾನು ಹೋದಾಗ ನೀರಿರಲಿಲ್ಲ, ಕಲ್ಲುಗಳು ಮಾತ್ರ ಇಟ್ಟಲ್ಲೇ ಇದ್ದವು. 1992ರಿಂದ ಅದು ರಾಷ್ಟ್ರೀಯ ಸ್ಮಾರಕ. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು.

ಪಾಯೂಟರ ಲೆಕ್ಕ ಮಾತ್ರ ಚುಕ್ತಾ ಆಗಿಲ್ಲ. 1937ರ ಕಾಯ್ದೆಯಂತೆ ಕೇಂದ್ರ ಸರ್ಕಾರವೂ ನಗರವೂ ಜಮೀನು ಅದಲುಬದಲು ಮಾಡಿಕೊಂಡು ಲೋನ್ ಪೈನ್, ಬಿಗ್ ಪೈನ್, ಬಿಷಪ್‌ಗಳಲ್ಲಿ ಅವರಿಗೆ ನೆಲ ಕೊಟ್ಟವು. ನೀರಿನ ಹಕ್ಕು ಆ ವಿನಿಮಯದಲ್ಲಿ ಸೇರಲಿಲ್ಲ. ನಗರದ ನಿಯಮದ ಪ್ರಕಾರ ಅದಕ್ಕೆ ಮತದಾರರ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಬೇಕಿತ್ತು. ಆ ಹಕ್ಕಿನ ಮಾತುಕತೆ ಇನ್ನೂ ಮುಗಿದಿಲ್ಲ.

ಊರ ದಕ್ಷಿಣಕ್ಕಿದ್ದ ಓವೆನ್ಸ್ ಕೆರೆಯ ಮೇಲೆ 1870ರ ದಶಕದಲ್ಲಿ ಬೆಳ್ಳಿ ಗಟ್ಟಿ ಹೊತ್ತ ಉಗಿದೋಣಿ ಓಡುತ್ತಿತ್ತು. 1920ರ ದಶಕದಲ್ಲಿ ಕೆರೆ ಬತ್ತಿತು. ಗಾಳಿ ಬೀಸಿದಾಗ ತಳದ ಉಪ್ಪುಧೂಳು ಊರ ಮೇಲೆ. ಅದನ್ನು ಅಡಗಿಸುವುದಕ್ಕೆ ನಗರ 200 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. 2006ರ ಡಿಸೆಂಬರಿನಲ್ಲಿ ಕೆಳಗಿನ ನದಿಪಾತ್ರದ 62 ಮೈಲಿಗೆ ಮತ್ತೆ ನೀರು ಬಿಟ್ಟರು, ದಂಡೆಯಲ್ಲಿ ಈಗ ಜೊಂಡು ಬೆಳೆದಿದೆ. 2023ರ ಮಾರ್ಚ್‌ನಲ್ಲಂತೂ ಪ್ರವಾಹ ಬಂದು ಕೆರೆಯ ಹತ್ತಿರ ಕಾಲುವೆಯನ್ನೇ ಸುಮಾರು 120 ಅಡಿ ಒಡೆಯಿತು. ಆ ವರ್ಷ ಸಿಯೆರಾದ ಹಿಮ ಕರಗಿದ ನೀರು ಕೆರೆಯವರೆಗೂ ಬಂದು ನಿಂತಿತ್ತು. ಯಾರೂ ಡೈನಮೈಟ್ ಇಟ್ಟಿರಲಿಲ್ಲ.