ಕಾಲುವೆ ಬಂದ ಕಾಲ



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಹೊಲದ ಬದಿಯಲ್ಲಿ ಸುಮ್ಮನೆ ಹರಿಯುವ ಕಾಲುವೆಗೂ ಒಂದು ಇತಿಹಾಸವಿದೆ, ಅದು ನಮ್ಮ ಊಟದ ತಟ್ಟೆಯನ್ನೇ ಬದಲಾಯಿಸಿದ ಇತಿಹಾಸ ಎಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ. ಬಳ್ಳಾರಿಯಿಂದ ಕುರುಗೋಡು ಮಾರ್ಗವಾಗಿ ಸಿರುಗುಪ್ಪದ ಕಡೆಗೆ ಒಮ್ಮೆ ಬಸ್ಸಿನಲ್ಲಿ ಹೋಗಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಮೆಣಸಿನಕಾಯಿ, ಹತ್ತಿ, ಆಮೇಲೆ ಕಣ್ಣು ಹಾಯುವವರೆಗೂ ಭತ್ತದ ಗದ್ದೆ. 1950ರಲ್ಲಿ ಇದೇ ದಾರಿಯಲ್ಲಿ ಎತ್ತಿನ ಬಂಡಿ ಹೂಡಿಕೊಂಡು ಹೋದವರಿಗೆ ಕಾಣುತ್ತಿದ್ದುದು ಮಳೆಯನ್ನೇ ನಂಬಿದ ಜೋಳ, ಸಜ್ಜೆ, ನವಣೆ, ಹತ್ತಿ. ಬೇಸಿಗೆಯಾದರೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟ ಎರೆ ಭೂಮಿ. ಈ ಎರಡು ಚಿತ್ರಗಳ ನಡುವೆ ಏನಾಯಿತು ಎಂಬುದೇ ಈ ಲೇಖನದ ವಿಷಯ.

ಕಾಲುವೆ ಎಂಬ ಒಂದೇ ಪದಕ್ಕೆ ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ಅರ್ಥವಿದೆ. ಬ್ರಿಟನ್ನಿನಲ್ಲಿ 1761ರಲ್ಲಿ ಆರಂಭವಾದ ಬ್ರಿಜ್‌ವಾಟರ್ ಕಾಲುವೆ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲೆಂದು ತೋಡಿದ್ದು. ಅಲ್ಲಿನ ಕಾಲುವೆಗಳು ದೋಣಿಗಳ ಹಾದಿ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಕಿರಿದಾದ ಉದ್ದನೆಯ ದೋಣಿಗಳಲ್ಲೇ ಸಂಸಾರ ಹೂಡಿದ್ದ ಕುಟುಂಬಗಳು ಅಲ್ಲಿದ್ದವು. ಅವರ ಮಕ್ಕಳು ದೋಣಿಯಲ್ಲೇ ಬೆಳೆದರು. 1948ರಲ್ಲಿ ಆ ಕಾಲುವೆಗಳಲ್ಲಿ ಹೆಚ್ಚಿನವು ರಾಷ್ಟ್ರೀಕರಣಗೊಂಡವು. ಲಾರಿ ಮತ್ತು ರೈಲಿನ ಪೈಪೋಟಿಯಲ್ಲಿ ಮೊದಲೇ ಸೊರಗಿದ್ದ ಸರಕು ಸಾಗಣೆಗೆ 1962-63ರ ಕಡು ಚಳಿಗಾಲದಲ್ಲಿ ನೀರೇ ಹೆಪ್ಪುಗಟ್ಟಿ ಇನ್ನೊಂದು ದೊಡ್ಡ ಪೆಟ್ಟು ಬಿತ್ತು. ಹೀಗೆ ಅಲ್ಲಿ ಕಾಲುವೆಯ ಬದುಕು ಮುಗಿಯುತ್ತಿದ್ದ ವರ್ಷಗಳಲ್ಲೇ ನಮ್ಮ ಬಳ್ಳಾರಿ ಸೀಮೆಯಲ್ಲಿ ಕಾಲುವೆಯ ಬದುಕು ಶುರುವಾಯಿತು. ಅಲ್ಲಿಯ ಹಿರಿಯರು ಬಾಲ್ಯವನ್ನು ನೆನೆದರೆ ದೋಣಿ ನೆನಪಾಗುತ್ತದೆ. ಇಲ್ಲಿಯ ಹಿರಿಯರಿಗೆ ನೆನಪಾಗುವುದು ಒಣ ಕಾಲುವೆಯಲ್ಲಿ ಮೊದಲ ಸಲ ನೀರು ಬಂದದ್ದು.

ಬರದ ನೆನಪು

ಬಳ್ಳಾರಿ ಮಳೆನೆರಳಿನ ಪ್ರದೇಶ. ವರ್ಷಕ್ಕೆ ಸರಾಸರಿ ಸುಮಾರು 500 ಮಿಲಿಮೀಟರ್ ಮಳೆ, ಅದೂ ನಂಬುವಂತಿಲ್ಲ. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈ ಸೇರಿ ಮದರಾಸು ಪ್ರಾಂತ್ಯದ ಭಾಗವಾದ ಈ ಜಿಲ್ಲೆ ಮತ್ತೆ ಮತ್ತೆ ಬರಕ್ಕೆ ತುತ್ತಾಯಿತು. ಅವುಗಳಲ್ಲಿ ಭೀಕರವಾದದ್ದು 1876ರಿಂದ 78ರವರೆಗಿನ ಬರ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಜನ ಅದನ್ನು ಸಂವತ್ಸರದ ಹೆಸರಿನಿಂದಲೇ ಕರೆದರು. 1871 ಮತ್ತು 1881ರ ಜನಗಣತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಜನಸಂಖ್ಯೆ ಇಳಿದುಹೋಗಿತ್ತು.

ವಿಚಿತ್ರವೆಂದರೆ, ಜನ ಹೀಗೆ ಸಾಯುತ್ತಿದ್ದಾಗ ಜಿಲ್ಲೆಯ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಿದ್ದಳು. ನದಿ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಈ ತೊಡಕನ್ನು ವಿಜಯನಗರದವರು ನದಿಯ ದಂಡೆಯ ಮಟ್ಟಿಗೆ ಬಹಳ ಹಿಂದೆಯೇ ಬಿಡಿಸಿದ್ದರು. ನದಿಗೆ ಅಡ್ಡಲಾಗಿ ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ ಕಟ್ಟೆ ಕಟ್ಟಿ, ನೀರಿನ ಮಟ್ಟವನ್ನು ಸ್ವಲ್ಪ ಏರಿಸಿ, ಪಕ್ಕದಿಂದ ಕಾಲುವೆ ಎಳೆದರು. ರಾಯ, ಬಸವಣ್ಣ, ತುರ್ತಾ, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಎಂಬ ಕಾಲುವೆಗಳ ಹೆಸರನ್ನು ನೀವು ಕೇಳಿರಬಹುದು. ಸಾಮ್ರಾಜ್ಯ 1565ರ ನಂತರ ಕುಸಿದರೂ ಕಾಲುವೆಗಳು ಹರಿಯುತ್ತಲೇ ಇದ್ದವು. ಆದ್ದರಿಂದಲೇ ಸಿರುಗುಪ್ಪದ ಹೊಳೆದಂಡೆಯಲ್ಲಿ ಅಣೆಕಟ್ಟು ಬರುವ ಮೊದಲೂ ಗದ್ದೆಗಳಿದ್ದವು. ಊರಿನ ಹೆಸರನ್ನೇ ಜನ ಸಿರಿಯ ಕುಪ್ಪೆ ಎಂದು ಬಿಡಿಸಿ ಹೇಳುತ್ತಾರೆ. ಆದರೆ ಈ ಸಿರಿ ದಂಡೆಯ ಪಟ್ಟಿಗಷ್ಟೇ ಸೀಮಿತವಾಗಿತ್ತು. ಸಿಂದರು ಆಳಿದ ಹಳೆಯ ರಾಜಧಾನಿ ಕುರುಗೋಡು ನದಿಯಿಂದ ದೂರ. ಬಂಡೆಗಲ್ಲಿನ ಬೆಟ್ಟಗಳ ಕೆಳಗಿನ ಆ ಹೊಲಗಳಿಗೆ ಮಳೆ, ಕೆರೆ, ಬಾವಿ ಬಿಟ್ಟರೆ ಗತಿಯಿರಲಿಲ್ಲ. ಬಾವಿಯಿಂದ ಕಪಿಲೆ ಹೊಡೆದು ಎತ್ತುಗಳ ಬಲದಿಂದ ನೀರೆತ್ತಿದರೆ ಒಂದಿಷ್ಟು ತೋಟ ತೊಯ್ಯುತ್ತಿತ್ತು.

ಅಣೆಕಟ್ಟಿನ ಹುಟ್ಟು

ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಬೇಕೆಂಬ ವಿಚಾರ 1860ರಷ್ಟು ಹಿಂದಿನದು. ಗೋದಾವರಿ ಅಣೆಕಟ್ಟಿನ ಶಿಲ್ಪಿ ಸರ್ ಆರ್ಥರ್ ಕಾಟನ್ ಅದನ್ನು ಮುಂದಿಟ್ಟಿದ್ದರು. ನದಿಯ ಒಂದು ದಡ ಮದರಾಸು ಪ್ರಾಂತ್ಯದ್ದು, ಇನ್ನೊಂದು ದಡ ಹೈದರಾಬಾದ್ ಸಂಸ್ಥಾನದ್ದು. ಇವರಿಬ್ಬರ ನಡುವೆ ಒಪ್ಪಂದವಾಗಲು 1944ರವರೆಗೆ ಕಾಯಬೇಕಾಯಿತು. 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಕೆಲಸ ಮುಗಿಯುವಷ್ಟರಲ್ಲಿ ಇಂಗ್ಲಿಷರೂ ಇರಲಿಲ್ಲ, ನಿಜಾಮನ ಆಳ್ವಿಕೆಯೂ ಇರಲಿಲ್ಲ. ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದ, 33 ಗೇಟುಗಳ ಈ ಅಣೆಕಟ್ಟಿನಿಂದ 1953ರ ಜುಲೈ 1ರಂದು ಕಾಲುವೆಗೆ ನೀರು ಬಿಡಲಾಯಿತು.

ಈ ದಿನಾಂಕವನ್ನು ಗಮನಿಸಿ. ಆ ದಿನ ಬಳ್ಳಾರಿ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಮೂರೇ ತಿಂಗಳ ನಂತರ, ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಸೇರಿ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅಂದರೆ ಅಂದಿನ ಶಾಲಾ ಬಾಲಕನೊಬ್ಬ ಒಂದೇ ವರ್ಷದಲ್ಲಿ, ಊರು ಬಿಟ್ಟು ಕದಲದೆ, ಹೊಸ ರಾಜ್ಯವನ್ನೂ ಹೊಸ ನೀರನ್ನೂ ಕಂಡ. ಒಂದೇ ಕಾಲುವೆ ಎರಡು ರಾಜ್ಯಗಳ ಸ್ವತ್ತಾದದ್ದರಿಂದ ಅದನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ಹುಟ್ಟಿಕೊಂಡಿತು.

ನೀರು ಬಂದ ಸಂತೋಷದಲ್ಲಿ ಊರು ಕಳೆದುಕೊಂಡವರನ್ನು ಮರೆಯಬಾರದು. ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು, 50 ಸಾವಿರಕ್ಕೂ ಹೆಚ್ಚು ಜನ ನೆಲೆ ಬಿಟ್ಟರು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ಹೊಸದಾಗಿ ಮನೆ ಕಟ್ಟಿಕೊಂಡರು. ಸಿರುಗುಪ್ಪದ ಮಗುವಿನ ನೆನಪಿನಲ್ಲಿ ನೀರು ಬಂದ ದಿನ ಹಬ್ಬವಾದರೆ, ನಾರಾಯಣದೇವರಕೆರೆಯ ಮಗುವಿಗೆ ಅದೇ ನೀರು ಊರು ಬಿಟ್ಟ ನೆನಪು. ಇತಿಹಾಸ ಬರೆಯುವವರು ಎರಡನ್ನೂ ಕೇಳಬೇಕು.

ನೀರು ನಡೆಯುವ ಬಗೆ

ಇಲ್ಲಿ ಸ್ವಲ್ಪ ವಿಜ್ಞಾನ. ಕಾಲುವೆಗೆ ಎಂಜಿನ್ ಇಲ್ಲ, ಪಂಪು ಇಲ್ಲ. ಭೂಮಿಯ ಆಕರ್ಷಣೆಯೇ ಅದನ್ನು ಹರಿಸಬೇಕು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ದಡ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಆದ್ದರಿಂದ ಎಂಜಿನಿಯರುಗಳು ಬೆಟ್ಟ ಸಿಕ್ಕಲ್ಲಿ ಬಳಸಿ, ಹಳ್ಳ ಸಿಕ್ಕಲ್ಲಿ ದಾಟಿಸಿ, ಕಣ್ಣಿಗೆ ಕಾಣದಷ್ಟು ಮೆಲ್ಲನೆ ಇಳಿಯುವಂತೆ ಕಾಲುವೆಯನ್ನು ತೋಡುತ್ತಾರೆ. ಬಲದಂಡೆಯಲ್ಲಿ ಇಂತಹ ಎರಡು ಕಾಲುವೆಗಳಿವೆ. ಕೆಳಮಟ್ಟದ ಕಾಲುವೆ ಕಂಪ್ಲಿ, ಕುರುಗೋಡು, ಸಿರುಗುಪ್ಪ ಭಾಗಗಳಿಗೆ ನೀರುಣಿಸಿ ಆಂಧ್ರದ ಆದೋನಿ ಕಡೆಗೆ ಹೋಗುತ್ತದೆ. ಅದರ ಒಟ್ಟು ಉದ್ದ ಸುಮಾರು 349 ಕಿಲೋಮೀಟರ್. ದಾರಿಯಲ್ಲಿ ವೇದಾವತಿ ಅಂದರೆ ಹಗರಿ ನದಿಯನ್ನು ಕಂಬಗಳ ಮೇಲೆ ನಿಂತ ಮೇಲ್ಗಾಲುವೆಯಲ್ಲಿ ದಾಟುತ್ತದೆ. 1960ರ ದಶಕದಲ್ಲಿ ನೀರು ಕಂಡ ಮೇಲ್ಮಟ್ಟದ ಕಾಲುವೆ ಇನ್ನಷ್ಟು ಎತ್ತರದ ನೆಲವನ್ನು ಹಿಡಿದು ಬಳ್ಳಾರಿಯ ಬಳಿ ಹಾದು ಅನಂತಪುರಕ್ಕೆ ಹೋಗುತ್ತದೆ. ಬಳ್ಳಾರಿ ನಗರದವರು ಕುಡಿಯುವ ಅಲ್ಲೀಪುರ ಕೆರೆಯ ನೀರೂ ಈ ಕಾಲುವೆಯದೇ.

ಎರೆ ಭೂಮಿಗೆ ನೀರು ಹಾಯಿಸಬಹುದೇ ಎಂಬ ಶಂಕೆ ಅಂದು ಬಲವಾಗಿತ್ತು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಗ ಬಸಿಯುವುದಿಲ್ಲ. ನಿಂತ ನೀರು ಆವಿಯಾಗುವಾಗ ಒಳಗಿನ ಉಪ್ಪು ಮೇಲಕ್ಕೆ ಬಂದು ನೆಲ ಸವಳಾಗುತ್ತದೆ. ಇದನ್ನು ಮೊದಲೇ ಪರೀಕ್ಷಿಸಲೆಂದು 1937ರಲ್ಲಿಯೇ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಲಾಯಿತು. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರವೂ ಬಂದಿತು. ನಿಮ್ಮ ಜಿಲ್ಲೆಯ ವಿಜ್ಞಾನದ ಇತಿಹಾಸ ನಿಮ್ಮ ಹೊಲಗಳಲ್ಲೇ ನಡೆದಿದೆ ಎಂದು ಇದರಿಂದ ತಿಳಿಯುತ್ತದೆ.

ಮನೆಯೊಳಗೆ ಬಂದ ಬದಲಾವಣೆ

ನನ್ನ ತಲೆಮಾರಿನವರು ಹುಟ್ಟುವ ಹೊತ್ತಿಗೆ ಕಾಲುವೆಗೆ ಮೂವತ್ತರ ಹತ್ತಿರದ ವಯಸ್ಸು. ಅದಕ್ಕೆ ಮುಂಚಿನ ಬದುಕನ್ನು ನಾನು ತಿಳಿದದ್ದು ಕ್ಯಾಮೆರಾ ಮುಂದೆ ಕುಳಿತು ಮಾತಾಡಿದ ಅಜ್ಜ-ಅಜ್ಜಿಯರಿಂದ. ಅವರ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ‘ಹಗೇವು’. ನೆಲದೊಳಗೆ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡುತ್ತಿದ್ದ ಕಣಜ ಅದು. ಒಂದು ವರ್ಷ ಮಳೆ ಕೈಕೊಟ್ಟರೂ ಹಗೇವಿನ ಜೋಳ ಮನೆಯನ್ನು ಕಾಯುತ್ತಿತ್ತು. ನೆಲ ಒಣಗಿದ್ದರೆ ಮಾತ್ರ ಹಗೇವು ಉಳಿಯುತ್ತದೆ. ಕಾಲುವೆ ಬಂದ ಕಡೆ ನೆಲದ ತೇವ ಏರಿತು, ಜೋಳದ ಜಾಗಕ್ಕೆ ಭತ್ತ ಬಂದಿತು, ಧಾನ್ಯವನ್ನು ಮನೆಯಲ್ಲಿಡುವ ಬದಲು ಮಾರುವುದು ವಾಡಿಕೆಯಾಯಿತು. ಹಗೇವುಗಳು ಮುಚ್ಚಿಹೋದವು. ಮೊದಲು ಹಬ್ಬಕ್ಕಷ್ಟೇ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ಅನ್ನ ದಿನದ ಊಟವಾಯಿತು.

ಕಾಲುವೆಯ ಹಿಂದೆಯೇ ಹೊಸ ಜನರೂ ಬಂದರು. ನೀರಾವರಿ ಬೇಸಾಯ ಬಲ್ಲ ಕರಾವಳಿ ಆಂಧ್ರದ ರೈತರು ಇಲ್ಲಿ ಭೂಮಿ ಕೊಂಡು ನೆಲೆಸಿದರು. ಸಿರುಗುಪ್ಪ, ಕಂಪ್ಲಿ ಸುತ್ತ ‘ಕ್ಯಾಂಪ್’ ಎಂದು ಕೊನೆಗೊಳ್ಳುವ ಊರುಗಳ ಹೆಸರು ಕಂಡರೆ ಈ ವಲಸೆಯನ್ನು ನೆನಪಿಸಿಕೊಳ್ಳಿ. ಭತ್ತದ ನಾಟಿ, ರೈಸ್ ಮಿಲ್ಲು, ಎರಡು ಭಾಷೆಯ ಸಂತೆ, ಎಲ್ಲವೂ ಆ ಕಾಲದ ಕೊಡುಗೆ.

ಮೇಲಿನವರು, ಕೊನೆಯವರು

ಆದರೆ ಈ ಕಥೆಗೆ ಒಂದು ಕಹಿ ಮುಖವಿದೆ. ಯೋಜನೆಯನ್ನು ರೂಪಿಸಿದವರ ಉದ್ದೇಶ ಕಡಿಮೆ ನೀರನ್ನು ಹೆಚ್ಚು ಹೊಲಗಳಿಗೆ ಹಂಚುವುದಾಗಿತ್ತು. ಯಾವ ಹೊಲಕ್ಕೆ ಯಾವ ಬೆಳೆ ಎಂದು ಸರ್ವೆ ನಂಬರಿನ ಪ್ರಕಾರ ನಿಗದಿ ಮಾಡಿದ್ದರು. ಹೆಚ್ಚಿನ ಭಾಗ ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗೆ, ಭತ್ತಕ್ಕೆ ಸ್ವಲ್ಪವೇ. ಬರದಿಂದ ಎಲ್ಲರನ್ನೂ ಒಂದಿಷ್ಟು ಕಾಪಾಡಬೇಕು ಎಂಬುದು ಅದರ ತತ್ವ. ಆದರೆ ಕಾಲುವೆಯ ಮೇಲ್ಭಾಗದ ರೈತನಿಗೆ ಕಣ್ಣೆದುರಿಗೇ ನೀರು ಹರಿಯುವಾಗ, ಭತ್ತಕ್ಕೆ ಒಳ್ಳೆಯ ಬೆಲೆ ಇರುವಾಗ, ಆತ ಜೋಳ ಬಿತ್ತುವನೇ? ಭತ್ತ ಜೋಳಕ್ಕಿಂತ ಹಲವು ಪಟ್ಟು ನೀರು ಬೇಡುತ್ತದೆ. ಮೇಲೆ ಗದ್ದೆಗಳು ಹಬ್ಬಿದಂತೆ ಕೊನೆಯ ಭಾಗದವರಿಗೆ ನೀರು ತಲುಪದಾಯಿತು. ಅತಿಯಾದ ನೀರಿನಿಂದ ಮೇಲೆ ಸವಳು, ನೀರಿಲ್ಲದೆ ಕೆಳಗೆ ಒಣಗಿದ ಬೆಳೆ. ಉಪಕಾಲುವೆಯಲ್ಲಿ ಗೇಜ್ ಕಾಪಾಡಿ ಎಂಬ ಕೊನೆಯ ಭಾಗದ ರೈತರ ಕೂಗನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರ ಬೇರು 1950ರ ದಶಕದಲ್ಲಿದೆ.

ಇನ್ನೊಂದೆಡೆ ಜಲಾಶಯವೂ ಕುಗ್ಗುತ್ತಾ ಬಂದಿದೆ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಕಳೆದುಹೋದ 28 ಟಿ.ಎಂ.ಸಿ. ಎಷ್ಟು ಹೊಲಗಳ ನೀರು ಎಂದು ನೀವೇ ಲೆಕ್ಕ ಹಾಕಿ ನೋಡಿ. 2022ರಲ್ಲಿ ವೇದಾವತಿಯ ಮೇಲ್ಗಾಲುವೆಯ ಕಂಬವೊಂದು ಕುಸಿದಾಗ, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಈ ಸೀಮೆಯ ಮನೆಮನೆಯಲ್ಲೂ ಆತಂಕ ಹಬ್ಬಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗಳನ್ನು ಇಳಿಸಿ ತಂತ್ರಜ್ಞರು ನೀರು ನಿಲ್ಲಿಸಿದರು. ಎಪ್ಪತ್ತು ವರ್ಷ ಹರಿದದ್ದು ನಾಳೆಯೂ ಹರಿದೇ ಹರಿಯುತ್ತದೆ ಎಂಬ ಭರವಸೆಗೆ ಆ ವಾರ ಪೆಟ್ಟು ಬಿದ್ದಿತು.

ನೀವು ಮಾಡಬಹುದಾದ ಕೆಲಸ

1953ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಕಾಲುವೆಯ ಉದ್ದ, ಖರ್ಚು, ಎಕರೆಗಳ ಲೆಕ್ಕ ಕಡತಗಳಲ್ಲಿ ಉಳಿಯುತ್ತದೆ. ಮೊದಲ ನೀರು ಊರಿಗೆ ಬಂದಾಗ ಯಾರು ಪೂಜೆ ಮಾಡಿದರು, ಯಾರ ಹೊಲದ ಮೇಲೆ ಕಾಲುವೆ ಹಾದು ಯಾರಿಗೆ ಭೂಮಿ ಹೋಯಿತು, ಕೂಲಿ ಎಷ್ಟಿತ್ತು, ನೀರು ಯಾವ ಹೊಲದವರೆಗೆ ಬಂದು ನಿಂತಿತು ಎಂಬುದು ಯಾವ ಕಡತದಲ್ಲೂ ಸಿಗಲಾರದು. ಅದು ನಿಮ್ಮ ಅಜ್ಜ-ಅಜ್ಜಿಯರ ತಲೆಯಲ್ಲಿದೆ.

ಒಂದು ನೋಟ್ ಪುಸ್ತಕ ಹಿಡಿದು ಅವರ ಬಳಿ ಕುಳಿತುಕೊಳ್ಳಿ. ಕಾಲುವೆಯ ಮೇಲ್ಭಾಗದ ಒಂದು ಮನೆಯವರನ್ನು ಕೇಳಿದರೆ ಕೊನೆಯ ಭಾಗದ ಒಂದು ಮನೆಯವರನ್ನೂ ಕೇಳಿ. ಭೂಮಿ ಇದ್ದವರನ್ನು ಕೇಳಿದ ಮೇಲೆ ಕೂಲಿಗೆ ಹೋದವರನ್ನೂ ಕೇಳಿ. ಇಸವಿ ನೆನಪಿಲ್ಲ ಎಂದರೆ ಯಾರ ಮದುವೆಯ ವರ್ಷ, ಯಾವ ಜಾತ್ರೆಯ ಮುಂಚೆ ಎಂದು ವಿಚಾರಿಸಿ. ಆಮೇಲೆ ಗ್ರಂಥಾಲಯದಲ್ಲಿ ಜಿಲ್ಲಾ ಗೆಜೆಟಿಯರ್ ತೆಗೆದು ಸರಿಹೊಂದಿಸಿ ನೋಡಿ. ಇಬ್ಬರು ಹೇಳಿದ್ದು ಒಂದಕ್ಕೊಂದು ತಾಳೆಯಾಗದಿದ್ದರೆ ಎರಡನ್ನೂ ಬರೆದಿಡಿ. ನೀರಿನ ಹಂಚಿಕೆಯ ಬಗ್ಗೆ ನಾಳೆ ತೀರ್ಮಾನ ಮಾಡಬೇಕಾದವರು ನೀವೇ. ಮೊದಲ ಹಂಚಿಕೆಯಲ್ಲಿ ಯಾರಿಗೆ ಎಷ್ಟು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ತಿಳಿದುಕೊಂಡು ಆ ಕೆಲಸಕ್ಕೆ ಕೂರುವುದು ಒಳ್ಳೆಯದು.